ಮಣ್ಣು ತರುವವರಿಲ್ಲದ ಓಣಿ

ನಮ್ಮ ಊರು ನರೋಣಾ. ಆಳಂದ ತಾಲೂಕಿನಲ್ಲಿದೆ. ಕಲಬುರಗಿಯ ಗೆಳತಿಯರಿಗೆ ಈ ಹೆಸರನ್ನು ಬಸ್ಸಿನ ಬೋರ್ಡಿನ ಮೇಲೆ ಓದಿದ ನೆನಪಷ್ಟೇ ಇದೆ. ಈ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಕನ್ನಡ ಮೇಡಂ ಹೇಳಿದಾಗ ನಮ್ಮೂರಿನ ಕುಂಬಾರ ಓಣಿಯ ವಿಷಯ ಬರೆಯಬೇಕೆನಿಸಿತು. ಈಗ ಯಾರಿಗೂ ಮಣ್ಣಿನ ಗಡಿಗೆ ಬೇಡವಾಗಿದೆ ಎಂಬ ಮಾತನ್ನು ನೀವೆಲ್ಲ ಕೇಳಿರುತ್ತೀರಿ. ನಮ್ಮ ಓಣಿಯ ಕಥೆ ಬೇರೆ. ಬಿಸಿಲು ಏರಿದರೆ ಹರವಿ ಕೇಳಿಕೊಂಡು ಬರುವವರು ಇಂದಿಗೂ ಇದ್ದಾರೆ. ಮಾಡಿಕೊಡಲು ಮಣ್ಣಿಲ್ಲ.

ಹೀಗೆಂದಾಗ ನನ್ನ ಪಕ್ಕದ ಬೆಂಚಿನವಳು ನಕ್ಕಳು. "ನಿಮ್ಮ ಕಡೆ ಎತ್ತ ನೋಡಿದರೂ ಮಣ್ಣೇ ಅಲ್ಲವೇ?" ಎಂದಳು. ಅವಳ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಆದರೆ ನಮ್ಮ ಸುತ್ತ ಇರುವುದು ತೊಗರಿ, ಜೋಳ ಬೆಳೆಯುವ ಎರೆಮಣ್ಣು. ದಖ್ಖನ್ನಿನ ಬಸಾಲ್ಟ್ ಕಲ್ಲು ಸಾವಿರಾರು ವರ್ಷ ಸವೆದು ಆದ ಕರಿಮಣ್ಣು ಇದು. ಇದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲವಾಗಿ ಹೊಲ ಬಿರುಕು ಬಿಡುವುದು ಇದೇ ಕಾರಣಕ್ಕೆ. ಬರೀ ಈ ಮಣ್ಣಿನಲ್ಲಿ ಗಡಿಗೆ ಮಾಡಿದರೆ ಆವಿಗೆಗೆ ಇಡುವ ಮೊದಲೇ, ನೆರಳಿನಲ್ಲೇ ಸೀಳುತ್ತದೆ. ಕುಂಬಾರರಿಗೆ ಬೇಕಾದದ್ದು ಹಳ್ಳದ ನೀರು ತಂದು ಹಾಕಿದ ನುಣ್ಣನೆಯ ಮೆಕ್ಕಲು ಮಣ್ಣು. ಅದಕ್ಕೆ ತಕ್ಕಷ್ಟು ಕೆಂಪು ಮಣ್ಣು, ಬೂದಿ, ಲದ್ದಿ ಬೆರೆಯಬೇಕು. ಅಂಥ ಮಣ್ಣು ಎಲ್ಲ ಕಡೆ ಸಿಗುವುದಿಲ್ಲ. ಎಲ್ಲಿ ಸಿಗುತ್ತದೆಂದು ಬಲ್ಲವರೂ ಊರಿಗೆ ಒಬ್ಬರೋ ಇಬ್ಬರೋ ಇರುತ್ತಾರೆ.

ನಮ್ಮೂರಿನಲ್ಲಿ ಹಾಗೆ ಬಲ್ಲವರಾಗಿದ್ದವರು ನನ್ನ ದಾದಾ, ಅಂದರೆ ಅಪ್ಪನ ಅಪ್ಪ. ಅವರೇನೂ ಕುಂಬಾರರಲ್ಲ. ಅವರ ಬಳಿ ಮೊದಲು ಬಂಡಿ ಇತ್ತು, ಆಮೇಲೆ ಹಳೆಯ ಟ್ರ್ಯಾಕ್ಟರ್ ಬಂತು. ಸುಗ್ಗಿಯಲ್ಲಿ ರಾಶಿ ಹೇರುತ್ತಿದ್ದರು, ಬೇಸಿಗೆಯಲ್ಲಿ ಕುಂಬಾರ ಓಣಿಗೆ ಮಣ್ಣು ಹಾಕುತ್ತಿದ್ದರು. ಹಳ್ಳ ತಿರುಗುವಲ್ಲಿ ಒಂದು ತಗ್ಗಿನ ಹೊಲವಿತ್ತು. ಹೊಲದವರು ಪರಿಚಯದವರೇ ಆಗಿದ್ದರಿಂದ ಮೇಲಿನ ಒಂದು ಮೊಳ ಮಣ್ಣನ್ನು ಪಕ್ಕಕ್ಕೆ ಸರಿಸಿ, ಕೆಳಗಿನದನ್ನು ಅಗೆಯಲು ಬಿಡುತ್ತಿದ್ದರು. ದಾದಾ ಒಂದು ಹಿಡಿ ಮಣ್ಣು ತೆಗೆದು, ನೀರು ಚಿಮುಕಿಸಿ, ಅಂಗೈಯಲ್ಲಿ ಹೊಸೆದು ಹಗ್ಗದಂತೆ ಮಾಡಿ ಬೆರಳಿಗೆ ಸುತ್ತುತ್ತಿದ್ದರು. ಬಿರಿಯದಿದ್ದರೆ ಟ್ರಾಲಿಗೆ ಏರುತ್ತಿತ್ತು. ಮರಳು ಹೆಚ್ಚಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಚೂರನ್ನು ಹಲ್ಲಿನಲ್ಲಿ ಕಡಿದು ಉಗುಳುತ್ತಿದ್ದರು. ದಾದಿಗೆ ಇದು ಸೇರುತ್ತಿರಲಿಲ್ಲ. ಟ್ರಾಲಿಯ ಬಾಡಿಗೆಯನ್ನು ಕುಂಬಾರರು ಅರ್ಧ ರೊಕ್ಕದಲ್ಲಿ ಕೊಡುತ್ತಿದ್ದರು, ಉಳಿದರ್ಧ ಗಡಿಗೆಗಳಲ್ಲಿ ಮುಟ್ಟುತ್ತಿತ್ತು. ರಂಜಾನಿಗೆ ಮಸೀದಿಯ ಅಂಗಳದಲ್ಲಿ ಇಡುವ ಎರಡು ಹರವಿಗಳಿಗೆ ಮಾತ್ರ ಯಾರೂ ಲೆಕ್ಕ ಇಟ್ಟದ್ದಿಲ್ಲ.

ಕಳೆದ ಮಳೆಗಾಲದಲ್ಲಿ ದಾದಾ ತೀರಿಕೊಂಡರು. ಅದಕ್ಕೆ ಸ್ವಲ್ಪ ಮೊದಲೇ ಆ ತಗ್ಗಿನ ಹೊಲ ಬೇರೆಯವರ ಕೈಗೆ ಹೋಗಿ ಸುತ್ತ ತಂತಿ ಬೇಲಿ ಎದ್ದಿತ್ತು. ಹೊಸ ಒಡೆಯರಿಗೆ ಹೊಲದಲ್ಲಿ ಗುಂಡಿ ಬೀಳುವುದು ಬೇಡ. ಅದು ಅವರ ಹೊಲ, ಅವರ ಹಕ್ಕು. ಅಬ್ಬಾ ಕಲಬುರಗಿಯಲ್ಲಿ ಡ್ರೈವರ್ ಕೆಲಸ ಮಾಡುತ್ತಾರೆ, ಅವರಿಗೆ ಮಣ್ಣಿನ ಜಾಗ ಗೊತ್ತಿಲ್ಲ. ಟ್ರ್ಯಾಕ್ಟರನ್ನೂ ಮಾರಿದೆವು. ದಾದಾ ಇಲ್ಲದ ಮನೆಗೆ ಮಾತಾಡಿಸಲು ಬಂದ ಕುಂಬಾರ ಕಾಕಾ ಹೇಳಿದ ಮಾತು ನನಗೆ ಹಾಗೇ ನೆನಪಿದೆ. "ಸಾಹೇಬ್ರು ಹ್ವಾದ ಮ್ಯಾಲ ನಮ್ಮ ಮಣ್ಣ ಸೈತ ಹೋಯ್ತು ತಂಗಿ."

ಆಮೇಲೆ ಓಣಿಯವರು ಕೈಕಟ್ಟಿ ಕುಳಿತಿಲ್ಲ. ಒಬ್ಬರು ದೂರದ ಊರಿನಿಂದ ಬಾಡಿಗೆ ಟ್ರ್ಯಾಕ್ಟರಿನಲ್ಲಿ ಮಣ್ಣು ತರಿಸಿದರು. ಡೀಸೆಲ್ ಖರ್ಚು ಕಳೆದರೆ ಗಡಿಗೆಯಲ್ಲಿ ಏನೂ ಉಳಿಯಲಿಲ್ಲ. ಮೇಲಾಗಿ ಆ ಮಣ್ಣಿಗೆ ಎಷ್ಟು ಬೂದಿ ಬೆರೆಯಬೇಕು ಎಂಬ ಅಂದಾಜು ಸಿಗುವ ಹೊತ್ತಿಗೆ ಒಂದು ಆವಿಗೆಯ ಗಡಿಗೆಗಳು ಒಡೆದಿದ್ದವು. ಇನ್ನೊಬ್ಬರು ಲಾರಿಯಲ್ಲಿ ಬರುವ ಹೊರಗಿನ ಗಡಿಗೆಗಳನ್ನು ಕೊಂಡು ಸಂತೆಯಲ್ಲಿ ಮಾರುತ್ತಿದ್ದಾರೆ. ಹೊಟ್ಟೆ ನಡೆಯುತ್ತದೆ, ಆದರೆ ತಿಗರಿ ಗೋಡೆಗೆ ಒರಗಿದೆ. ಕಾಕಾ ಮೂರನೆಯ ದಾರಿ ಹಿಡಿದಿದ್ದಾರೆ. ಉಳಿದ ಒಳ್ಳೆಯ ಮಣ್ಣನ್ನು ತಾಡಪತ್ರಿ ಮುಚ್ಚಿ, ನೀರು ಹಾಕಿ ಕಾಯ್ದುಕೊಂಡಿದ್ದಾರೆ. ಅದನ್ನು ಹರವಿಗೆ ಮತ್ತು ಮದುವೆಯ ಐರಾಣಿ ಗಡಿಗೆಗೆ ಮಾತ್ರ ಮುಟ್ಟುತ್ತಾರೆ. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳನ್ನು ಸುಡುವುದಿಲ್ಲವಾದ್ದರಿಂದ ಅವಕ್ಕೆ ಹೊಲದ ಮಣ್ಣು ಸಾಕು. ಹರವಿಗೆ ಮಾತ್ರ ಅದು ನಡೆಯುವುದಿಲ್ಲ. ಹರವಿಯ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಆವಿಯಾಗಬೇಕು, ಆ ಆವಿ ಒಳಗಿನ ಶಾಖವನ್ನು ಒಯ್ಯಬೇಕು. ಹಾಗಿದ್ದೂ ಹರವಿ ಸೋರಬಾರದು. ಇಷ್ಟನ್ನೂ ಮಣ್ಣೇ ಮಾಡಬೇಕು.

ಸರ್ಕಾರ ಇವರನ್ನು ಮರೆತಿದೆ ಎಂದು ನಾನು ಹೇಳಲಾರೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2018ರಲ್ಲಿ ಕುಂಬಾರರಿಗೆ ವಿದ್ಯುತ್ ತಿಗರಿ ಕೊಡುವ ಯೋಜನೆ ಆರಂಭಿಸಿತು. ನಮ್ಮ ರಾಜ್ಯದ ಖಾನಾಪುರದಲ್ಲಿ ಅದರದೇ ಕುಂಬಾರಿಕೆ ತರಬೇತಿ ಸಂಸ್ಥೆ ಇದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಒಂದು. ಸಲಕರಣೆಗೆ 15,000 ರೂಪಾಯಿ ಇದೆ, ಎರಡು ಕಂತಿನಲ್ಲಿ 3 ಲಕ್ಷದವರೆಗೆ ಸಾಲವಿದೆ. ಈ ಯೋಜನೆಗಳಲ್ಲಿ ತಿಗರಿ ಇದೆ, ಸಾಲ ಇದೆ, ತರಬೇತಿ ಇದೆ. ಮಣ್ಣು ಮಾತ್ರ ಹೇಗೋ ಸಿಗುತ್ತದೆ ಎಂದು ಎಲ್ಲರೂ ಅಂದುಕೊಂಡಂತಿದೆ. ಕಾಕಾನ ತಾಯಿಯನ್ನು ನಾವು ಆಯಿ ಎನ್ನುತ್ತೇವೆ. ಅವರ ಮಾತು ಇನ್ನೂ ಚುರುಕು. "ಮೋಟರ್ ತಿಗರಿ ಮ್ಯಾಲ ಏನ್ ತಿರುಗಿಸ್ಲಿ, ಗಾಳಿ?"

ನಮ್ಮ ಪಕ್ಕದ ಬೀದರಿನ ಮಾತು ಇಲ್ಲಿ ನೆನಪಾಗುತ್ತದೆ. ಬಿದರಿ ಪಾತ್ರೆಗೆ ಆ ಕಪ್ಪು ಬಣ್ಣ ಬರುವುದು ಬೀದರ್ ಕೋಟೆಯ ಹಳೆಯ ಮಣ್ಣಿನಿಂದ. ಆ ಕುಶಲಕರ್ಮಿಗಳಿಗೆ ಕೋಟೆಯ ಮಣ್ಣು ಎಷ್ಟು ಬೆಲೆಯುಳ್ಳದ್ದು ಎಂದು ಪುಸ್ತಕಗಳಲ್ಲೂ ಬರೆದಿದೆ. ನೀರಿನ ಗಡಿಗೆ ಮಾಡುವವರಿಗೂ ಹಾಗೆ ಒಂದು ಜಾಗದ ಮಣ್ಣೇ ಬೇಕು ಎಂಬುದನ್ನು ನಾವು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಹಾಗಾದರೆ ದಾರಿ ಇಲ್ಲವೇ? ಇದೆ ಎಂದು ಹುಡುಕಿದಾಗ ತಿಳಿಯಿತು. ಕೇಂದ್ರ ಪರಿಸರ ಸಚಿವಾಲಯದ 2016ರ ಜನವರಿ 15ರ ಅಧಿಸೂಚನೆಯ ಪ್ರಕಾರ, ಕುಂಬಾರರು ತಮ್ಮ ಪದ್ಧತಿಯಂತೆ ಗಡಿಗೆ, ಹಣತೆ, ಆಟಿಕೆ ಮಾಡಲು ಕೈಯಿಂದ ಅಗೆದು ತೆಗೆಯುವ ಸಾಮಾನ್ಯ ಜೇಡಿಮಣ್ಣಿಗೆ ಪರಿಸರ ಅನುಮತಿ ಬೇಕಿಲ್ಲ. ಜಾಗದ ಒಡೆಯರ ಒಪ್ಪಿಗೆಯಂತೂ ಬೇಕೇ ಬೇಕು. ಖಾಸಗಿ ಹೊಲ ಇಂದು ಒಬ್ಬರದು, ನಾಳೆ ಇನ್ನೊಬ್ಬರದು. ಊರಿನ ಕೆರೆ, ನಾಲೆ ಹಾಗಲ್ಲ. ಬೇಸಿಗೆಯಲ್ಲಿ ಉದ್ಯೋಗ ಖಾತ್ರಿಯಲ್ಲಿ ಹೂಳೆತ್ತುವಾಗ ಆ ಹೂಳು ಹೊಲಗಳಿಗೆ ಹೋಗುತ್ತದೆ. ಅದರಲ್ಲಿ ಕೆಲವು ಟ್ರಾಲಿ ಕುಂಬಾರ ಓಣಿಯ ಕಡೆ ತಿರುಗಿದರೆ ವರ್ಷದ ಕೆಲಸಕ್ಕೆ ಆಗುತ್ತದೆ.

ಆದರೆ ಯಾವ ಹೂಳು ಗಡಿಗೆಗೆ ಆಗುತ್ತದೆ ಎಂದು ನೋಡಬೇಕಲ್ಲ. ಕಳೆದ ರಜೆಯಲ್ಲಿ ಕಾಕಾ ಮತ್ತು ನಾನು ಬೇರೆ ಬೇರೆ ಕಡೆಯ ಮಣ್ಣು ತಂದು ಬಿಲ್ಲೆ ತಟ್ಟಿದೆವು. ಪ್ರತಿ ಬಿಲ್ಲೆಯ ಮೇಲೆ 10 ಸೆಂಟಿಮೀಟರ್ ಗೆರೆ ಎಳೆದು, ಒಣಗಿದ ಮೇಲೆ ಎಷ್ಟು ಕುಗ್ಗಿತು ಎಂದು ನನ್ನ ಸ್ಕೇಲಿನಿಂದ ಅಳೆದೆ. ಹೊಲದ ಕರಿಮಣ್ಣಿನ ಬಿಲ್ಲೆ ಮೂರು ತುಂಡಾಯಿತು, ಅಳೆಯಲು ಗೆರೆಯೇ ಉಳಿಯಲಿಲ್ಲ. ನಾಲೆಯ ಬದಿಯ ಒಂದು ಮಣ್ಣು ಮಾತ್ರ ಸೀಳದೆ ನಿಂತಿತು. ಕಾಕಾ ಅದರ ಚೂರನ್ನು ಹಲ್ಲಿನಲ್ಲಿ ಕಡಿದು ನೋಡಿ, ಇದಕ್ಕೆ ಸ್ವಲ್ಪ ಕೆಂಪು ಮಣ್ಣು ಬಿದ್ದರೆ ನಡೀತದ ಅಂದರು. ದಾದಾ ಕೂಡ ಹಾಗೇ ಕಡಿಯುತ್ತಿದ್ದರು ಎಂದು ನಾನು ಹೇಳಿದೆ. "ಅವ್ರಿಗಿ ಕಲಿಸ್ದಾಕಿನೇ ನಮ್ಮವ್ವ" ಎಂದು ಕಾಕಾ ಆಯಿಯ ಕಡೆ ಕೈ ತೋರಿಸಿದರು. ಅದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆ ನಾಲೆಯ ಬದಿಯ ಮಣ್ಣನ್ನು ಓಣಿಗೆ ಮೀಸಲಿಡಬೇಕೆಂದು ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದಾರೆ. ಅಧಿಸೂಚನೆಯ ದಿನಾಂಕ ಹಾಕಿ ಅರ್ಜಿ ಬರೆದವಳು ನಾನು, ಸಹಿ ಮತ್ತು ಹೆಬ್ಬೆಟ್ಟು ಓಣಿಯವರದು. ಉತ್ತರ ಇನ್ನೂ ಬರಬೇಕು.

ಹಳ್ಳಿಗಳಿಂದ ಬರುವ ನಮ್ಮ ಕಾಲೇಜಿನ ಗೆಳೆಯ ಗೆಳತಿಯರಲ್ಲಿ ಒಂದು ವಿನಂತಿ. ನಿಮ್ಮೂರಿನಲ್ಲೂ ಕುಂಬಾರ ಮನೆ ಇದ್ದರೆ, ಈ ರಜೆಯಲ್ಲಿ ಒಮ್ಮೆ ಹೋಗಿ ಮಣ್ಣು ಎಲ್ಲಿಂದ ಬರುತ್ತದೆ, ಯಾರು ತರುತ್ತಾರೆ ಎಂದು ಕೇಳಿ. ಬಲ್ಲವರು ಇರುವಾಗಲೇ ಆ ಜಾಗ ನೋಡಿ ಬರೆದಿಟ್ಟುಕೊಳ್ಳಿ. ಅರ್ಜಿ ಬರೆಯಲು ನೆರವು ಬೇಕಾದರೆ ನನ್ನ ಬಳಿ ಒಂದು ಪ್ರತಿ ಇದೆ. ಕಾಕಾನ ತಾಡಪತ್ರಿಯ ಕೆಳಗಿನ ಮಣ್ಣು ಈ ಬೇಸಿಗೆಗೆ ಸಾಕು. ಮುಂದಿನ ಬೇಸಿಗೆಗೆ ಸಾಲದು.