ಹನ್ನೊಂದು ಬೈ ಐವತ್ತು

ಹೋದ ವರ್ಷ ಬೋನಸ್ ಬಂದ ಖುಷಿಯಲ್ಲಿ ಒಂದು ಚಿಟ್ಟೆ ಕೊಂಡೆ. ಜೀವ ಇರೋದಲ್ಲ, ಪ್ರಿಂಟ್. ಬೆಂಗಳೂರಿನ ಫ್ಲ್ಯಾಟಿನಲ್ಲಿ ಸೋಫಾ ಮೇಲಿನ ಗೋಡೆ ಖಾಲಿ ಇತ್ತು. ಮುಂದಿನ ರೆಕ್ಕೆ ಕಪ್ಪು, ಹಿಂದಿನದು ಬಂಗಾರದ ಹಳದಿ. ನಮ್ಮ ರಾಜ್ಯದ ಚಿಟ್ಟೆ, ಸದರ್ನ್ ಬರ್ಡ್‌ವಿಂಗ್. ಕೆಳಗೆ ಪೆನ್ಸಿಲಿನಲ್ಲಿ ಕಲಾವಿದರ ಸಹಿ, ಎಡಗಡೆ 11/50. ಬೆಲೆ 22,000 ರೂಪಾಯಿ.

ಹೊರನಾಡಿನ ಹತ್ತಿರದ ನಮ್ಮ ತೋಟದಿಂದ ಅಪ್ಪ ಬಂದಿದ್ದರು. ಕನ್ನಡಕ ಏರಿಸಿ ನೋಡಿದರು.

"ಬೈ ಟೂ ಕಾಫಿ ಗೊತ್ತು ಮಾರಾಯ, ಇದೆಂಥ ಬೈ ಐವತ್ತು?"

ವಿವರಿಸಿದೆ. ಐವತ್ತೇ ಪ್ರತಿ ತೆಗೆಯೋದು, ಆಮೇಲೆ ಅಚ್ಚನ್ನು ಗೀಚಿ ಹಾಳು ಮಾಡೋದು. ಸಹಿ, ನಂಬರು ಎರಡೂ ಇರಬೇಕು. ಬಿಸಿಲಿಗೆ ಬಣ್ಣ ಮಾಸಿರಬಾರದು, ಶೀತಕ್ಕೆ ಕಂದು ಚುಕ್ಕೆ ಬಿದ್ದಿರಬಾರದು. ಆಗ ಮುಂದೆ ಒಳ್ಳೆ ಬೆಲೆ ಸಿಗಬಹುದು.

"ಹಾಗಾದ್ರೆ ನಮ್ಮನೆ ಗೋಡೆಗೆ ಆಗೋದಲ್ಲ. ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡೀತದೆ" ಅಂದರು. ಅವರ ಮದುವೆ ಫೋಟೋಗೆ ಆದದ್ದೂ ಅದೇ.

ಉತ್ಸಾಹದಲ್ಲಿ ಡೇಮಿಯನ್ ಹರ್ಸ್ಟ್ ಕತೆಯನ್ನೂ ಹೇಳಿದೆ. 1991ರಲ್ಲಿ ಲಂಡನ್ನಿನಲ್ಲಿ ಕೋಣೆಯೊಳಗೆ ಜೀವಂತ ಚಿಟ್ಟೆಗಳನ್ನು ಬಿಟ್ಟು ಪ್ರದರ್ಶನ ಮಾಡಿದ ಕಲಾವಿದ. 2012ರಲ್ಲಿ ಟೇಟ್ ಮಾಡರ್ನ್‌ನಲ್ಲಿ ಅದನ್ನೇ ಮತ್ತೆ ಮಾಡಿದಾಗ 9,000ಕ್ಕೂ ಹೆಚ್ಚು ಚಿಟ್ಟೆಗಳು ಸತ್ತವು ಅಂತ ಪತ್ರಿಕೆಗಳು ಬರೆದವು. 2022ರಲ್ಲಿ ಚಿಟ್ಟೆ ರೆಕ್ಕೆಗಳ ಐದು ಪ್ರಿಂಟ್‌ಗಳಿಗೆ ರಾಣಿಯರ ಹೆಸರಿಟ್ಟು ಮಾರಿದ. ಒಂದು ನಮ್ಮ ನೂರ್ ಜಹಾನ್. ಗಡುವಿನೊಳಗೆ ಎಷ್ಟು ಆರ್ಡರ್ ಬಂತೋ ಅಷ್ಟೇ ಪ್ರತಿ, ಆಮೇಲೆ ಬಂದ್. ದಿನವಿಡೀ ಕಾಪಿ-ಪೇಸ್ಟ್ ಮಾಡುವ ನನ್ನಂಥವನಿಗೆ ಇದು ಮಜವಾಗಿ ಕಂಡಿತ್ತು. ಎಷ್ಟು ಬೇಕಾದರೂ ತೆಗೆಯಬಹುದಾದ ಪ್ರತಿಯನ್ನು ಬೇಕಂತಲೇ ನಿಲ್ಲಿಸಿ ಅಪರೂಪ ಮಾಡುವುದು.

ಅಪ್ಪ ಪ್ರಿಂಟ್ ನೋಡುತ್ತಲೇ ಇದ್ದರು. "ಇದು ನಮ್ಮ ಬೇಲಿ ಹತ್ತಿರ ಬರ್ತಿತ್ತಲ್ಲ, ಅದೇ ಅಲ್ವನ?"

"ಬರ್ತಿತ್ತು ಅಂದ್ರೆ? ಈಗ ಬರಲ್ವಾ?"

"ಅಲ್ಲಿ ಈಗ ಬಳ್ಳಿ ಎಲ್ಲುಂಟು? ನೀನು ಕಳಿಸಿದ ಮಷಿನ್ ಚೆನ್ನಾಗಿ ಹೊಡೀತದೆ."

ಅವರು ದೂರಿ ಹೇಳಿದ್ದಲ್ಲ, ಮಷಿನ್ನನ್ನು ಹೊಗಳಿದ್ದು. ಅದೇ ಚುಚ್ಚಿತು. ಆಳು ಸಿಗೋದಿಲ್ಲ ಅಂತ ಮೂರು ವರ್ಷದ ಹಿಂದೆ ಕಳೆ ಹೊಡೆಯುವ ಮಷಿನ್ ಆರ್ಡರ್ ಮಾಡಿ ಕಳಿಸಿದವನು ನಾನೇ. ಬೇಲಿಯ ಮೇಲೆ ಈಶ್ವರಿ ಬಳ್ಳಿ ಹಬ್ಬಿತ್ತು. ಅದಿದ್ದರೆ ಹಾವು ಬರೋದಿಲ್ಲ ಅಂತ ಅಜ್ಜಿ ಕಡಿಯಲು ಬಿಡುತ್ತಿರಲಿಲ್ಲ. ಕತ್ತಿ ಹಿಡಿದು ಬರುತ್ತಿದ್ದವರೂ ಅದನ್ನು ಬಿಟ್ಟು ಉಳಿದದ್ದನ್ನು ಸವರುತ್ತಿದ್ದರು. ಮಷಿನ್ನಿಗೆ ಅಜ್ಜಿ ಮಾತು ಗೊತ್ತಿಲ್ಲ.

ಅಪ್ಪ ಮಲಗಿದ ಮೇಲೆ ಓದಿದೆ. ಈ ಚಿಟ್ಟೆ ಮೊಟ್ಟೆ ಇಡುವುದೇ ಈಶ್ವರಿ ಬಳ್ಳಿ ಮತ್ತು ಅದರ ಜಾತಿಯ ಬಳ್ಳಿಗಳ ಮೇಲೆ. ಹುಳು ಆ ಎಲೆ ತಿಂದು ಅದರ ವಿಷವನ್ನು ಮೈಯಲ್ಲಿ ಸೇರಿಸಿಕೊಳ್ಳುತ್ತದೆ, ಹಾಗಾಗಿ ಹಕ್ಕಿಗಳು ಮುಟ್ಟೋದಿಲ್ಲ. ಬಳ್ಳಿ ಇಲ್ಲದಿದ್ದರೆ ಹುಳು ಇಲ್ಲ, ಚಿಟ್ಟೆಯೂ ಇಲ್ಲ. ಗೋಡೆಯ ಮೇಲಿನ ಐವತ್ತು ಪ್ರತಿಗಳ ಅಪರೂಪಕ್ಕೆ ದುಡ್ಡು ಕೊಟ್ಟಿದ್ದೆ. ಬೇಲಿಯ ಮೇಲೆ ಅದನ್ನು ಅಪರೂಪ ಮಾಡಿದ್ದಕ್ಕೂ ನಾನೇ ದುಡ್ಡು ಕೊಟ್ಟಿದ್ದೆ.

ಪ್ರಿಂಟ್ ಮಾರಲಿಲ್ಲ. ಈಗಲೂ ಸೋಫಾ ಮೇಲೇ ಇದೆ. ಮಳೆ ಹಿಡಿದಾಗ ನಾಲ್ಕು ಈಶ್ವರಿ ಬಳ್ಳಿ ಸಸಿ ಒಯ್ದು ಬೇಲಿ ಬುಡದಲ್ಲಿ ನೆಟ್ಟು, ಸುತ್ತ ಕೋಲು ಹುಗಿದು, ಮಷಿನ್ ತಾಗದಂತೆ ಗುರುತು ಮಾಡಿ ಬಂದೆ. ಎರಡು ಕೊಳೆತವು, ಎರಡು ಹಬ್ಬಿದವು.

ಹೋದ ವಾರ ಸ್ಟ್ಯಾಂಡ್-ಅಪ್ ಮೀಟಿಂಗ್ ನಡುವೆ ಅಪ್ಪನ ಫೋನ್. "ನಿನ್ನ ಬಳ್ಳಿ ಎಲೆಯನ್ನೆಲ್ಲ ಯಾವುದೋ ಹುಳ ತಿಂದು ಹಾಕಿದೆ ಮಾರಾಯ. ಮದ್ದು ಹೊಡೀಲಾ?"

"ಬೇಡ ಅಪ್ಪಾ, ಹೊಡೀಬೇಡಿ!" ಅಂತ ಕೂಗಿದೆ. ಮ್ಯೂಟ್ ಮಾಡಿರಲಿಲ್ಲ. ಟೀಮಿನವರೆಲ್ಲ ಏನಾಯಿತೆಂದು ಕೇಳಿದರು.