ಊರು ಬಿಟ್ಟವರ ಬುತ್ತಿ

ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ ಪೂರ್ವಕ್ಕೆ ಹೊರಟರೆ ಕೊನೆಯ ನಿಲ್ದಾಣ ವೈಟ್‌ಫೀಲ್ಡ್ ಕಾಡುಗೋಡಿ. ಬೋಗಿಯಲ್ಲಿ ಕಿವಿಗೊಟ್ಟು ಕೂತರೆ ಕನ್ನಡ, ತೆಲುಗು, ತಮಿಳು, ಹಿಂದಿ, ಬಂಗಾಳಿ, ಒಡಿಯಾ, ಮಲಯಾಳ ಎಲ್ಲವೂ ಕೇಳಿಸುತ್ತವೆ. ಮಡಿಲ ಮೇಲಿನ ಚೀಲಗಳಲ್ಲಿ ಮಧ್ಯಾಹ್ನದ ಡಬ್ಬಿಗಳು. ಆಡುವ ಮಾತು ಯಾವುದೆಂದು ತಿಳಿಯದಿದ್ದರೂ, ಡಬ್ಬಿಯ ಮುಚ್ಚಳ ತೆರೆದರೆ ಊರು ಯಾವ ಕಡೆಯದೆಂದು ಹೇಳಿಬಿಡಬಹುದು.

ವೈಟ್‌ಫೀಲ್ಡ್ ವಲಸೆ ಬಂದವರ ಊರು. ಕಂಪ್ಯೂಟರ್ ಕಂಪನಿಗಳು ಬಂದ ಮೇಲೆ ಹಾಗಾಯಿತು ಎಂದುಕೊಂಡರೆ ತಪ್ಪಾದೀತು. ಐಟಿಪಿಎಲ್ ಎಂದು ಎಲ್ಲರೂ ಕರೆಯುವ ತಂತ್ರಜ್ಞಾನ ಪಾರ್ಕ್ ತಲೆ ಎತ್ತಿದ್ದು 1990ರ ದಶಕದಲ್ಲಿ. ಅದಕ್ಕಿಂತ ನೂರು ವರ್ಷ ಹಿಂದೆಯೇ ಈ ಊರು ಹುಟ್ಟಿದ್ದು ಹೊರಗಿನಿಂದ ಬಂದವರಿಗಾಗಿ. ಆಂಗ್ಲೋ-ಇಂಡಿಯನ್ನರು ಬೇಸಾಯ ಮಾಡಿ ಸ್ವಂತ ಕಾಲಮೇಲೆ ನಿಲ್ಲಲಿ ಎಂದು ಮೈಸೂರಿನ ಮಹಾರಾಜರಾದ ಹತ್ತನೆಯ ಚಾಮರಾಜ ಒಡೆಯರು ಸುಮಾರು 3,900 ಎಕರೆ ಭೂಮಿ ಕೊಟ್ಟರು. 1882ರಲ್ಲಿ ವಸತಿ ಆರಂಭವಾಯಿತು. ಆ ಸಮುದಾಯದ ಸಂಘಟನೆಗೆ ದುಡಿದ ಡಿ.ಎಸ್. ವೈಟ್ ಅವರ ಹೆಸರೇ ಊರಿಗೆ ನಿಂತಿತು. ವೃತ್ತಾಕಾರವಾಗಿ ಬರೆದ ಆ ಹಳೆಯ ಊರಿನ ನಕ್ಷೆ ಇಂದಿಗೂ ‘ಇನ್ನರ್ ಸರ್ಕಲ್’, ‘ಔಟರ್ ಸರ್ಕಲ್’ ಎಂಬ ಹೆಸರುಗಳಲ್ಲಿ ಉಳಿದಿದೆ. ತೋಟದ ನಡುವಿನ ಹೆಂಚಿನ ಮನೆಗಳು ಮಾತ್ರ ಒಂದೊಂದಾಗಿ ಕಣ್ಮರೆಯಾಗಿವೆ.

ಆಂಗ್ಲೋ-ಇಂಡಿಯನ್ ಮಗುವಿನ ಪಾಡು ವಿಚಿತ್ರವಾದದ್ದು. ಇಂಗ್ಲಿಷರ ಕಣ್ಣಿಗೆ ಅದು ಪೂರ್ತಿ ಇಂಗ್ಲಿಷ್ ಅಲ್ಲ, ಊರಿನವರ ಕಣ್ಣಿಗೆ ಪೂರ್ತಿ ಇಲ್ಲಿನದೂ ಅಲ್ಲ. ನಮ್ಮ ಸಂವಿಧಾನದ 366ನೇ ವಿಧಿ ಈ ಸಮುದಾಯವನ್ನು ಗುರುತಿಸುವುದು ತಂದೆಯ ವಂಶದಿಂದ: ತಂದೆ ಅಥವಾ ಗಂಡು ಸಂತತಿಯ ಪೂರ್ವಜರು ಯುರೋಪಿನ ಮೂಲದವರಾಗಿರಬೇಕು. ತಾಯಂದಿರ ಕಡೆಯ ಬಗ್ಗೆ ಆ ಮಾತಿನಲ್ಲಿ ಏನೂ ಇಲ್ಲ. ತಾಯಂದಿರ ಗುರುತು ಉಳಿದದ್ದು ಅಡುಗೆಮನೆಯಲ್ಲಿ.

ಅವರ ಮನೆಗಳ ‘ಪೆಪ್ಪರ್ ವಾಟರ್’ ಎಂಬುದನ್ನೇ ನೋಡಿ. ಹುಣಸೆಹಣ್ಣು, ಕಾಳುಮೆಣಸು, ಜೀರಿಗೆ, ಬೆಳ್ಳುಳ್ಳಿ, ಮೇಲೊಂದು ಒಗ್ಗರಣೆ. ಹೆಸರು ಇಂಗ್ಲಿಷ್ ಆದರೂ ತಟ್ಟೆಯಲ್ಲಿರುವುದು ನಮ್ಮ ಮೆಣಸಿನ ಸಾರೇ! ಅರೆದ ಮಾಂಸದ ಉಂಡೆಗಳ ‘ಬಾಲ್ ಕರಿ’ಗೆ ಜೊತೆಯಾಗುವುದು ತೆಂಗಿನಹಾಲಿನಲ್ಲಿ ಬೇಯಿಸಿದ ಅರಿಶಿನದ ಅನ್ನ. ‘ವಿಂದಾಲೂ’ ಎಂದ ಕೂಡಲೇ ಅನೇಕರು ಆಲೂಗಡ್ಡೆ ಹುಡುಕುತ್ತಾರೆ. ಆ ಹೆಸರಿಗೂ ಆಲೂಗಡ್ಡೆಗೂ ಸಂಬಂಧವಿಲ್ಲ. ವೈನ್ ಮತ್ತು ಬೆಳ್ಳುಳ್ಳಿಯಲ್ಲಿ ಮಾಂಸ ನೆನೆಹಾಕುವ ಪೋರ್ಚುಗೀಸ್ ಪದ್ಧತಿಯ ಹೆಸರು ಅದು. ಗೋವೆಗೆ ಬಂದು ವಿನೆಗರ್ ಹಾಗೂ ಮೆಣಸಿನಕಾಯಿಯ ಸಹವಾಸದಲ್ಲಿ ಬದಲಾಯಿತು. ಆ ಮೆಣಸಿನಕಾಯಿಯಾದರೂ ಇಲ್ಲಿನದೇ? ಅದೂ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದ ವಲಸೆಗಾರನೇ. ಕ್ರಿಸ್‌ಮಸ್ ಹೊತ್ತಿಗೆ ಕರಿಯುವ ಹೂವಿನಾಕಾರದ ‘ರೋಸ್ ಕುಕ್ಕಿ’ ಮಂಗಳೂರಿನ ಕ್ರೈಸ್ತರ ಮನೆಯಲ್ಲಿ ಕೊಕ್ಕಿಸಾಂ, ಕೇರಳದಲ್ಲಿ ಅಚ್ಚಪ್ಪಂ. ಇದು ನಮ್ಮದು, ಅದು ನಿಮ್ಮದು ಎಂದು ಗೆರೆ ಎಳೆಯಲು ಎಲ್ಲಿಂದ ಆರಂಭಿಸುವುದು?

1947ರ ನಂತರ ಬಹಳಷ್ಟು ಆಂಗ್ಲೋ-ಇಂಡಿಯನ್ ಕುಟುಂಬಗಳು ಬ್ರಿಟನ್, ಆಸ್ಟ್ರೇಲಿಯ, ಕೆನಡಾಗಳಿಗೆ ಹೊರಟುಹೋದವು. ಲೋಕಸಭೆಗೆ ಈ ಸಮುದಾಯದ ಇಬ್ಬರನ್ನು ನಾಮಕರಣ ಮಾಡುವ ಅವಕಾಶವೂ 2020ರ ಜನವರಿಯಲ್ಲಿ ಕೊನೆಗೊಂಡಿತು. ಮನೆ, ನೆರೆಹೊರೆ, ಪ್ರಾತಿನಿಧ್ಯ ಎಲ್ಲವೂ ಕರಗುತ್ತ ಬಂದಾಗ ಕೈಯಲ್ಲಿ ಉಳಿದದ್ದು ಅಡುಗೆ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದ ಬ್ರಿಜೆಟ್ ವೈಟ್-ಕುಮಾರ್ ಈ ಅಡುಗೆಗಳನ್ನು ಹಲವು ಪುಸ್ತಕಗಳಲ್ಲಿ ಬರೆದಿಟ್ಟಿದ್ದಾರೆ. ಅಜ್ಜಿಯ ಕೈಯಳತೆ ಕಾಗದಕ್ಕೆ ಇಳಿಯದಿದ್ದರೆ ಅಜ್ಜಿಯ ಜೊತೆಗೇ ಹೋಗಿಬಿಡುತ್ತದಲ್ಲ!

ನಗರದ ಇನ್ನೊಂದು ತುದಿಯ ಪೀಣ್ಯದಲ್ಲಿ ಕಥೆ ಬೇರೆ, ತಿರುಳು ಒಂದೇ. 1970ರ ದಶಕದಿಂದ ಬೆಳೆದ ಈ ಕೈಗಾರಿಕಾ ಪ್ರದೇಶದ ಲೇತ್ ಯಂತ್ರಗಳ ಮುಂದೆ, ಸಿದ್ಧ ಉಡುಪಿನ ಕಾರ್ಖಾನೆಗಳ ಹೊಲಿಗೆ ಯಂತ್ರಗಳ ಮುಂದೆ ಉತ್ತರ ಕರ್ನಾಟಕದಿಂದ ಬಂದವರೂ ಅನೇಕರು. ಅವರ ಹಿಂದೆಯೇ ಖಾನಾವಳಿಗಳು ಬಂದವು. ಜೋಳದ ರೊಟ್ಟಿ ತಟ್ಟುವ ಸದ್ದು, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಬಂದವು. ಒಣಗಿಸಿದ ಖಡಕ್ ರೊಟ್ಟಿ ದಿನಗಟ್ಟಲೆ ಕೆಡುವುದಿಲ್ಲ. ದೂರದ ಪ್ರಯಾಣಕ್ಕೆ ಹೇಳಿಮಾಡಿಸಿದ ಬುತ್ತಿ ಅದು. ರಜೆಗೆ ಊರಿಗೆ ಹೋದವರು ಮರಳುವಾಗ ಚೀಲದಲ್ಲಿ ಅದು ಇದ್ದೇ ಇರುತ್ತದೆ.

ಇವರು ಒಂದೇ ರಾಜ್ಯದವರು, ಒಂದೇ ಭಾಷೆಯವರು. ಆದರೂ ಶಾಲೆಯ ಊಟದ ಬಿಡುವಿನಲ್ಲಿ ಅವರ ಮಗು ವಲಸೆಗಾರನೇ. ಪಕ್ಕದವನ ಡಬ್ಬಿಯಲ್ಲಿ ಚಿತ್ರಾನ್ನವಿದ್ದಾಗ ತನ್ನ ರೊಟ್ಟಿ ಮುರಿಯುವ ಸದ್ದಿಗೇ ಅದು ನಾಚಿಕೊಳ್ಳುತ್ತದೆ. “ಅವ್ವಾ, ನಾಳಿಂದ ರೊಟ್ಟಿ ಕಟ್ಟಬ್ಯಾಡ, ಬ್ರೆಡ್ ಕೊಡು” ಎನ್ನುತ್ತದೆ. ಬೆಳಗಿನ ಐದಕ್ಕೆ ಎದ್ದು ರೊಟ್ಟಿ ತಟ್ಟಿ, ಪಾಳಿಗೆ ಓಡುವ ಅವ್ವನಿಗೆ ಬ್ರೆಡ್ಡೇ ಸುಲಭ. ಆದರೂ ಆ ಮಾತು ಅವಳಿಗೆ ಚುಚ್ಚುವುದೇಕೆ? ಮಗು ಬೇಡವೆಂದದ್ದು ರೊಟ್ಟಿಯೊಂದನ್ನೇ ಅಲ್ಲ ಎಂಬುದು ಅವಳಿಗೆ ಗೊತ್ತು.

ಇನ್ನು ಮೂಲದಿಂದ ಇಲ್ಲಿಯೇ ಇದ್ದವರು? ಎಲೆಕ್ಟ್ರಾನಿಕ್ ಸಿಟಿ ಎದ್ದದ್ದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ನೆಲದಲ್ಲಿ. ಆರ್.ಕೆ. ಬಾಳಿಗ ಅವರ ಕನಸಿನಂತೆ ಕಿಯೋನಿಕ್ಸ್ ಸಂಸ್ಥೆ 1970ರ ದಶಕದ ಕೊನೆಯಲ್ಲಿ 332 ಎಕರೆಗಳಲ್ಲಿ ಅದನ್ನು ರೂಪಿಸಿತು. ಈ ಸೀಮೆಯ ಊಟ ರಾಗಿಮುದ್ದೆ, ಬಸ್ಸಾರು, ಹಿತಕಿದವರೆ. ಹೊಲಗಳು ಹೋದವು, ಕಣಗಳು ಹೋದವು. ಕಣಕ್ಕೆ ಬರುತ್ತಿದ್ದ ರಾಗಿ ಅಂಗಡಿಯ ಪೊಟ್ಟಣಕ್ಕೆ ಬಂತು. ಹುಟ್ಟಿದ ಊರಿನಲ್ಲೇ ಇದ್ದು, ಮುದ್ದೆ ಉಣ್ಣುವುದನ್ನು ಹೇಳಿಕೊಳ್ಳಲು ಹಿಂಜರಿಯುವ ಮಕ್ಕಳೂ ಇದ್ದಾರೆ. ಕಾಲು ಕದಲಿಸದೆಯೂ ಮನುಷ್ಯ ಪರಸ್ಥಳದವನಾಗಬಹುದು! 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಅದೇ ರಾಗಿ, ಜೋಳಗಳಿಗೆ ದೊಡ್ಡ ಅಂಗಡಿಗಳಲ್ಲಿ ಇನ್ನಷ್ಟು ಮರ್ಯಾದೆ ಬಂದಿದೆ. ಮನೆಯ ಮರ್ಯಾದೆಗೆ ಅಂಗಡಿಯ ಮುದ್ರೆ ಬೀಳುವವರೆಗೆ ಕಾಯಬೇಕೆ?

ಹೊಸ ಊರಿಗೆ ಹೊಂದಿಕೊಳ್ಳುವುದೆಂದರೆ ಹಳೆಯ ರುಚಿಯನ್ನು ಮರೆಯುವುದಲ್ಲ. ಹಳೆಯ ರುಚಿಯೊಂದೇ ಶ್ರೇಷ್ಠವೆಂದು ಬಾಗಿಲು ಹಾಕಿಕೊಳ್ಳುವುದೂ ಅಲ್ಲ. ಬಂದವರು ಇಲ್ಲಿನ ಮಾತು ಕಲಿಯಬೇಕು, ಮುದ್ದೆ ನುಂಗುವುದನ್ನೂ ಕಲಿಯಬೇಕು. ಇಲ್ಲಿನವರು ಅವರ ಡಬ್ಬಿಯತ್ತ ಮೂಗು ಮುರಿಯಬಾರದು. ಪೆಪ್ಪರ್ ವಾಟರಿಗೂ ಮೆಣಸಿನ ಸಾರಿಗೂ ನಡುವೆ ಇರುವಷ್ಟೇ ಅಂತರ, ಈ ಮನೆಗೂ ಆ ಮನೆಗೂ ನಡುವೆ ಇರುವುದು.

ಮಕ್ಕಳು ತಮ್ಮ ಮನೆಯ ಅಡುಗೆಯೊಂದರ ಹಿಂದಿನ ಕಥೆಯನ್ನು ಅಜ್ಜಿಯನ್ನೋ ತಾಯಿಯನ್ನೋ ಕೇಳಿ ಬರೆದಿಡಲಿ. ತಂದೆತಾಯಂದಿರು ಎಷ್ಟೇ ಅವಸರವಿದ್ದರೂ ಅದನ್ನು ಹೇಳಲಿ. ನಾಳೆ ಊಟದ ಬಿಡುವಿನಲ್ಲಿ ಆ ರೊಟ್ಟಿಯ ಡಬ್ಬಿ ತೆರೆದಾಗ, “ಒಂದು ತುಂಡು ಕೊಡು” ಎಂದು ಪಕ್ಕದ ಮಗು ಕೈ ಚಾಚಿದರೆ ಸಾಕು. ಅವ್ವ ಮರುದಿನ ಎರಡು ರೊಟ್ಟಿ ಹೆಚ್ಚಿಗೆ ತಟ್ಟುತ್ತಾಳೆ.