ಹಸಿ ಸೊಪ್ಪಿನ ಕೊಂಬೆ

ದೂರದಲ್ಲಿ ಕುಳಿತು ನೋಡುವವರಿಗೆ ಕಾಡಿನ ಬೆಂಕಿಯೂ ಒಂದು ಚಿತ್ರವೇ. ಅದರ ಬಿಸಿ ಗೊತ್ತಿರುವುದು ಹತ್ತಿರ ನಿಂತವನಿಗೆ ಮಾತ್ರ.

2025ರ ಜನವರಿಯ ಒಂದು ಸಂಜೆ. ವೈಟ್‌ಫೀಲ್ಡಿನ ಒಂಬತ್ತನೆಯ ಅಂತಸ್ತಿನ ಮನೆಯೊಂದರಲ್ಲಿ ಹುಡುಗನೊಬ್ಬ ಟೆಲಿವಿಷನ್ನಿನ ಮುಂದೆ ಮೈಮರೆತಿದ್ದ. ಅಮೆರಿಕದ ಲಾಸ್ ಏಂಜಲೀಸಿನ ಗುಡ್ಡಗಳು ಉರಿಯುತ್ತಿದ್ದುವು. ದೊಡ್ಡ ವಿಮಾನಗಳು ತಗ್ಗಿ ಹಾರಿ, ಓಕುಳಿಯಂಥ ಕೆಂಪು ದ್ರವವನ್ನು ಸುರಿಯುತ್ತಿದ್ದುವು.

“ತಾತ, ಬಂಡೀಪುರದಲ್ಲಿ ನೀವು ಬೆಂಕಿಯನ್ನು ಯಾವುದರಿಂದ ಆರಿಸುತ್ತಿದ್ದಿರಿ?”

“ಹಸಿ ಸೊಪ್ಪಿನ ಕೊಂಬೆಯಿಂದ, ಮಗು.”

ಹುಡುಗ ನಕ್ಕುಬಿಟ್ಟ. ಮೂವತ್ತು ವರ್ಷ ಅರಣ್ಯ ರಕ್ಷಕರಾಗಿದ್ದ ತಾತನೂ ನಕ್ಕರು. ನಗದಿದ್ದವನು ಮಗನೊಬ್ಬನೇ. ಕಂಪ್ಯೂಟರಿನಿಂದ ತಲೆಯೆತ್ತದೆ ಹೇಳಿದ: “ಅಂಥದೊಂದು ವಿಮಾನವಿದ್ದಿದ್ದರೆ, ಅಪ್ಪ, ಬೇಸಗೆಯೆಲ್ಲ ನೀವು ಮನೆ ಬಿಟ್ಟಿರಬೇಕಾಗಿರಲಿಲ್ಲ.”

ಅದು ಹಳೆಯ ನೋವು. ಗುಂಡ್ಲುಪೇಟೆಯ ಮನೆಯಲ್ಲಿ ಸಂಕ್ರಾಂತಿ ಕಳೆದರೆ ಮಳೆ ಬೀಳುವವರೆಗೆ ತಂದೆಯ ಮುಖ ಕಾಣುವುದೇ ಅಪರೂಪವಾಗಿತ್ತು. ಶಾಲೆಯ ವಾರ್ಷಿಕೋತ್ಸವಕ್ಕೆ ಬರುತ್ತಿದ್ದವಳು ತಾಯಿಯೊಬ್ಬಳೇ.

ಪತ್ರಿಕೆಯನ್ನು ಸಾಲು ಬಿಡದೆ ಓದುವ ತಾತ ನಿಧಾನವಾಗಿ ಹೇಳತೊಡಗಿದರು. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿಕೊಂಡು ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತು. ಆಗ ವಾಯುಸೇನೆಯ ಎರಡು ಹೆಲಿಕಾಪ್ಟರುಗಳು ಸೂಲೂರಿನಿಂದ ಬಂದು, ತೂಗುಬಿಟ್ಟ ಬಕೆಟ್ಟಿನಲ್ಲಿ ನೀರು ಮೊಗೆಮೊಗೆದು ಸುಮಾರು 30,000 ಲೀಟರು ಸುರಿದುವು. ಆ ಡಿಸಿ-10 ವಿಮಾನವಾದರೋ ಒಂದೇ ಸಲಕ್ಕೆ ಸುಮಾರು 35,000 ಲೀಟರು ಹೊರಬಲ್ಲುದು.

“ಬೇಡವೆನ್ನುವವನು ನಾನಲ್ಲ. ಆದರೆ ಆ ಕೆಂಪು ದ್ರವ ಇರುವುದು ಬೆಂಕಿಯ ಮೇಲೆ ಸುರಿಯುವುದಕ್ಕಲ್ಲ. ಬೆಂಕಿ ಇನ್ನೂ ಮುಟ್ಟದ ಪೊದೆಗಳಿಗೆ ಅದನ್ನು ಬಳಿದು, ಉರಿಯ ನಡೆಯನ್ನು ತಡೆಯುತ್ತಾರೆ. ಆ ಬಿಡುವಿನಲ್ಲಿ ನೆಲದ ಮೇಲಿನವರು ಹೋಗಿ ಆರಿಸಬೇಕು. ಗಾಳಿ ಬಿರುಸಾದರೆ ವಿಮಾನ ಮೇಲೇರುವುದೇ ಇಲ್ಲ. ಅಲ್ಲಿಯೂ ಮೊದಲ ರಾತ್ರಿ ಹಾಗೆಯೇ ಆಯಿತಂತೆ.”

ಮಗ ಈಗ ತಲೆಯೆತ್ತಿದ್ದ.

“ನಾವೂ ಎಳೆಯುತ್ತಿದ್ದುದು ಅಂಥ ಗೆರೆಯನ್ನೇ. ಬಿಸಿಲು ಬಲಿಯುವ ಮೊದಲೇ ಒಣಹುಲ್ಲನ್ನೂ ಲಂಟಾನವನ್ನೂ ಸವರಿ, ಸುಟ್ಟು, ಬೆಂಕಿರೇಖೆ ಮಾಡುತ್ತಿದ್ದೆವು. ತಿನ್ನಲು ಏನೂ ಸಿಕ್ಕದೆ ಬೆಂಕಿ ಅಲ್ಲಿ ನಿಲ್ಲಬೇಕು. ಕಿಡಿ ಹಾರಿ ಗೆರೆ ದಾಟಿತೆನ್ನಿ, ಆಗ ಕೊಂಬೆ ಹಿಡಿದವನೊಬ್ಬ ಅಲ್ಲಿರಲೇಬೇಕು. ನಾನು ಮನೆಗೆ ಬಂದಿದ್ದರೆ ಅಲ್ಲಿ ಯಾರಿರುತ್ತಿದ್ದರು?”

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಮುಂದುವರಿಸಿದರು: “2017ರಲ್ಲಿ ಕಲ್ಕೆರೆ ವಲಯದಲ್ಲಿ ಒಬ್ಬ ಅರಣ್ಯ ರಕ್ಷಕ ಬೆಂಕಿಯನ್ನು ಆರಿಸಲು ಹೋಗಿ ಹಿಂದಿರುಗಲಿಲ್ಲ.” ಆ ಸುದ್ದಿ ಬಂದ ದಿನ ಅಪ್ಪ ಊಟ ಮಾಡದೆ ಮಲಗಿದ್ದುದು ಮಗನಿಗೆ ನೆನಪಾಯಿತು. ಕಾರಣವೇನೆಂದು ಅವನು ಅಂದು ಕೇಳಿರಲಿಲ್ಲ.

ಟೆಲಿವಿಷನ್ನಿನಲ್ಲಿ ಇನ್ನೊಂದು ವಿಮಾನ ತಗ್ಗಿ ಹಾರಿತು. ಹುಡುಗ ಅದನ್ನು ನೋಡಲಿಲ್ಲ. ಗೆರೆಯಾಚೆ ಯಾರಾದರೂ ನಿಂತಿರುವರೇ ಎಂದು ಹುಡುಕುತ್ತಿದ್ದ.

ಮಗ ಕಂಪ್ಯೂಟರನ್ನು ಮುಚ್ಚಿ, ತಂದೆಯ ಪಕ್ಕದಲ್ಲಿ ಬಂದು ಕುಳಿತ.

“ಕೊಂಬೆಯಿಂದ ಎಷ್ಟು ಹೊತ್ತು ಬಡಿಯಬೇಕಾಗುತ್ತಿತ್ತು, ಅಪ್ಪ?”

“ಆರುವವರೆಗೆ,” ಎಂದರು ಅವರು.